ಬಲಗೈಗೆ ಬಿಳಿ, ಎಡಗೈಗೆ ನೀಲಿ

ಜೂನ್ 4

ಮೀನು,

ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಏನು ಬರೆದರೂ ಯಾರೋ ಪರಿಚಯವಿಲ್ಲದವರಿಗೆ ಬರೆದ ಹಾಗೆ ಕಾಣುತ್ತಿತ್ತು. ಮೂರು ಹಾಳೆ ಹರಿದ ಮೇಲೆ ಇದನ್ನೇ ಉಳಿಸಿಕೊಂಡಿದ್ದೇನೆ.

ಈ ಕಾಗದದ ಜೊತೆ ಎರಡು ಡಬ್ಬಿಗಳಿವೆ. ಒಂದಕ್ಕೆ ಬಿಳಿ ಮುಚ್ಚಳ, ಒಂದಕ್ಕೆ ನೀಲಿ. ಹನ್ನೆರಡು ವರ್ಷ ಮಾತಿಲ್ಲದ ಅಕ್ಕ ಕ್ಷಮೆಯನ್ನಲ್ಲ, ಕ್ರೀಮು ಕಳಿಸಿದ್ದಾಳೆ ಅಂತ ನಗು ಬಂದರೆ ನಕ್ಕುಬಿಡು. ಸಿಟ್ಟು ಬಂದರೆ ಕಪಾಟಿನ ಮೇಲೆ ಇಟ್ಟುಬಿಡು. ಎಸೆಯಬೇಡ, ಅಷ್ಟೇ.

ನಾನೀಗ ಚರ್ಮಕ್ಕೆ ಹಚ್ಚುವ ಕ್ರೀಮು ತಯಾರಿಸುವ ಒಂದು ಚಿಕ್ಕ ಕಾರ್ಖಾನೆಯಲ್ಲಿದ್ದೇನೆ. ಎರಡು ಕೋಣೆ, ಒಂದು ಓಣಿಯಷ್ಟು ಅಗಲದ ಗೋದಾಮು, ಆರು ಜನ. ಒಂದು ಕೋಣೆಯಲ್ಲಿ ಎಣ್ಣೆ ಮೇಣಗಳು ಕಾಯುತ್ತವೆ, ಪಕ್ಕದ ಪಾತ್ರೆಯಲ್ಲಿ ನೀರು ಕಾಯುತ್ತದೆ. ಎರಡೂ ಒಂದೇ ಬಿಸಿಗೆ ಬಂದಾಗ ಒಂದರೊಳಗೊಂದು ಸುರಿಯುತ್ತೇನೆ. ಆ ಕ್ಷಣದಲ್ಲಿ ಪಾತ್ರೆಯೊಳಗೆ ಬೆಳಗಾದ ಹಾಗೆ ಎಲ್ಲ ಬೆಳ್ಳಗಾಗುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ನಮ್ಮ ಯಜಮಾನಿ ಪ್ರತಿ ಪಾತ್ರೆಯನ್ನೂ ಕಣ್ಣುಮುಚ್ಚಿ ಮೂಸಿ ನೋಡುತ್ತಾರೆ. ಮೂಗಿಗೆ ಒಪ್ಪಿಗೆಯಾಗದಿದ್ದರೆ ನನ್ನ ಯಾವ ಲೆಕ್ಕಾಚಾರವೂ ಅವರಿಗೆ ಬೇಕಿಲ್ಲ.

ಈಗ ಒಂದು ಆಸ್ಪತ್ರೆಯ ಮಕ್ಕಳ ಚರ್ಮದ ವಾರ್ಡಿಗೆ ಕ್ರೀಮು ಮಾಡಿಕೊಡುವ ಕೆಲಸ ಬಂದಿದೆ. ನಿನ್ನ ಹಾಗೆ ಒಣಗಿ ಪೊರೆ ಏಳುವ ಚರ್ಮದ ಮಕ್ಕಳು. ಅಮೈನೋ ಆಮ್ಲಗಳನ್ನು ಸೇರಿಸಿದ ಕ್ರೀಮು ಅದು. ಆಗಸ್ಟ್ ಕೊನೆಯ ವಾರ ಎರಡು ಸಾವಿರ ಟ್ಯೂಬು ತುಂಬಿಸಬೇಕು. ಇಪ್ಪತ್ತು ಜನರ ಕೈಗೆ ಹಚ್ಚಿ ನೋಡಿಯಾಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಇಪ್ಪತ್ತು ಜನರದ್ದೂ ನನ್ನಂಥ ಚರ್ಮ. ಏನು ಹಚ್ಚಿದರೂ ಸುಮ್ಮನಿರುವ ಚರ್ಮ. ನನಗೆ ಸುಳ್ಳು ಹೇಳದ ಒಂದು ಕೈ ಬೇಕು.

ಕೊನೆಯ ಸಾಲನ್ನು ಹೊಡೆದುಹಾಕೋಣ ಅಂದುಕೊಂಡೆ. ಹಾಕಿಲ್ಲ.

ಬಲ ಮುಂಗೈಗೆ ಬಿಳಿ, ಎಡ ಮುಂಗೈಗೆ ನೀಲಿ, ದಿನಕ್ಕೆ ಎರಡು ಸಲ, ಇಪ್ಪತ್ತೊಂದು ದಿನ. ಎರಡರಲ್ಲಿ ಒಂದರೊಳಗೆ ಅಮೈನೋ ಆಮ್ಲಗಳಿವೆ, ಇನ್ನೊಂದರಲ್ಲಿ ಇಲ್ಲ. ಯಾವುದರಲ್ಲಿ ಅಂತ ನನಗೂ ಗೊತ್ತಿಲ್ಲ, ನಾನು ಹೊರಗೆ ನಿಂತಿದ್ದಾಗ ಯಜಮಾನಿ ಮುಚ್ಚಳ ಹಾಕಿದ್ದಾರೆ. ಜೊತೆಗೊಂದು ಹಾಳೆ ಇದೆ. ಕೆಂಪು, ತುರಿಕೆ, ಬಿಗಿತ, ಉರಿ. ಒಂದೊಂದರ ಮುಂದೆಯೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು.

ಹಚ್ಚಲೇಬೇಕು ಅಂತ ಇಲ್ಲ.

ನಿನ್ನ ಅಕ್ಕ


ಜೂನ್ 19

ಅಕ್ಕನಿಗೆ,

ಡಬ್ಬಿಗಳು ತಲುಪಿವೆ. ಒಡೆದಿಲ್ಲ. ನಾನು ತೆರೆದೂ ಇಲ್ಲ.

ನಾನು ಏನು ಮಾಡುತ್ತಿದ್ದೇನೆ ಅಂತ ನಿನಗೆ ಯಾರಾದರೂ ಹೇಳಿರಬಹುದು. ಹೇಳದಿದ್ದರೆ ಕೇಳಿಕೋ: ಮಕ್ಕಳಿಗೆ ಈಜು ಕಲಿಸುತ್ತೇನೆ. ಚಾವಣಿ ಇರುವ ಈಜುಕೊಳ, ಬೆಳಿಗ್ಗೆ ಎರಡು ತಂಡ, ಮಧ್ಯಾಹ್ನ ಒಂದು. ಕ್ಲೋರಿನ್ ನೀರಿನಲ್ಲಿ ಈ ಚರ್ಮದವಳು ಹೇಗೆ ಬದುಕುತ್ತೀಯ ಅಂತ ಪ್ರತಿ ಡಾಕ್ಟರೂ ಹಣೆ ಚಚ್ಚಿಕೊಳ್ಳುತ್ತಾರೆ. ಇಳಿಯುವ ಮುಂಚೆ ಮೈತುಂಬ ಜಿಡ್ಡು ಬಳಿದುಕೊಳ್ಳುತ್ತೇನೆ, ಮೇಲೆ ಬಂದ ಕೂಡಲೇ ತೊಳೆದುಕೊಳ್ಳುತ್ತೇನೆ. ನೀರಿನಿಂದ ಹೊರಗಿದ್ದಾಗ ನನ್ನ ಚರ್ಮ ಒಂದು ಅಳತೆ ಕಡಿಮೆ ಹೊಲಿದ ಅಂಗಿಯ ಹಾಗೆ. ನೀರಿನೊಳಗೆ ಮಾತ್ರ ಅದು ನನ್ನ ಅಳತೆಗೆ ಬರುತ್ತದೆ. ಇದನ್ನು ಡಾಕ್ಟರಿಗೆ ಹೇಳಿಲ್ಲ.

ನಮ್ಮನೆಯವರು ಗಡಿಯಾರ ರಿಪೇರಿ ಮಾಡುತ್ತಾರೆ, ಅದು ನಿನಗೆ ಗೊತ್ತು. ಡಬ್ಬಿಗಳು ಎರಡು ವಾರ ಕಪಾಟಿನ ಮೇಲೆ ಕೂತಿದ್ದನ್ನು ನೋಡಿ, ‘ಅದಕ್ಕೇನು ಬೀಗ ಹಾಕಿಲ್ವಲ್ಲ’ ಅಂದರು. ಅವರು ವಾರಕ್ಕೆ ಆಡುವುದೇ ಅಷ್ಟು ಮಾತು.

ಮಗಳಿಗೆ ಎಂಟು ವರ್ಷ. ಅವಳದ್ದೂ ನನ್ನದೇ ಚರ್ಮ. ಅಮ್ಮ ತೀರಿಹೋದ ದಿನ ಅವಳು ನನ್ನ ಸೊಂಟ ತಬ್ಬಿಕೊಂಡು ನಿಂತಿದ್ದಳು, ಅವಳಿಗೆ ಉದ್ದ ತೋಳಿನ ಅಂಗಿ ಹಾಕಿದ್ದೆ, ನೀನು ಗಮನಿಸಿರಲಿಕ್ಕಿಲ್ಲ. ನೀನು ಆ ದಿನ ಗೋಡೆಯನ್ನೇ ನೋಡುತ್ತಿದ್ದೆ. ಶಾಲೆಯಲ್ಲಿ ಅವಳನ್ನು ಹಲ್ಲಿ ಅನ್ನುತ್ತಾರೆ. ನನಗೆ ಯಾರೂ ಹಾಗೆ ಅನ್ನಲಿಲ್ಲ, ಅಷ್ಟರೊಳಗೆ ನೀನು ಮೀನು ಅಂತ ಹೆಸರಿಟ್ಟು ಊರಿಗೆಲ್ಲ ಹೇಳಿಬಿಟ್ಟಿದ್ದೆ. ಅವಳಿಗೆ ಅಕ್ಕ ಇಲ್ಲ.

ಒಂದು ಮಾತು ಕೇಳುತ್ತೇನೆ. ನನ್ನ ಮದುವೆಗೆ ನಾಲ್ಕು ದಿನ ಇರುವಾಗ, ಅಮ್ಮನ ಎದುರಿಗೆ, ನಾನು ಬಟ್ಟೆ ಮಡಚುತ್ತಿದ್ದಾಗ ‘ಇವಳ ಚರ್ಮಕ್ಕೆ ಮಾತ್ರ ಅಲ್ಲ, ನಾಲಿಗೆಗೂ ಪೊರೆ ಬಂದಿದೆ’ ಅಂದವಳು ನೀನು. ಅಂಥ ನಾಲಿಗೆಯಿಂದ ಈಗ ಏನು ಕೇಳಬೇಕು ಅಂತ ನಿನಗೆ ಅನ್ನಿಸಿತು?

ತಂಗಿ


ಜೂನ್ 27

ಮೀನು,

ಆ ಮಾತು ಅಂದವಳು ನಾನೇ. ಅದರ ಬಗ್ಗೆ ಬರೆಯಲು ಕೂತರೆ ಪೆನ್ನು ಬೇರೆ ಕಡೆ ಓಡುತ್ತದೆ. ಅದಕ್ಕೆ ಮೊದಲು ಬೇರೆ ಕಡೆಯದನ್ನೇ ಬರೆಯುತ್ತೇನೆ.

ನಿನ್ನ ಚರ್ಮ ಯಾಕೆ ಹಾಗಿದೆ ಅಂತ ಚಿಕ್ಕಂದಿನಲ್ಲಿ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಚರ್ಮದ ಕೆಳಪದರದಲ್ಲಿ ಹುಟ್ಟುವ ಜೀವಕಣ ನಿಧಾನವಾಗಿ ಮೇಲೇರುತ್ತಾ ಬರುತ್ತದೆ. ಮೇಲೆ ತಲುಪುವಷ್ಟರಲ್ಲಿ ಅದರ ಜೀವ ಹೋಗಿರುತ್ತದೆ. ನಾವು ಒಬ್ಬರನ್ನೊಬ್ಬರು ಮುಟ್ಟುವಾಗ ಮುಟ್ಟುವುದು ಆ ಜೀವ ಹೋದ ಕಣಗಳನ್ನೇ. ಆದರೂ ಅವು ಮೆತ್ತಗೆ, ಬೆಚ್ಚಗೆ ಇರುತ್ತವಲ್ಲ, ಅದೇ ಆಶ್ಚರ್ಯ. ಮೇಲೇರುವ ದಾರಿಯಲ್ಲಿ ಕಣದೊಳಗಿನ ಒಂದು ದೊಡ್ಡ ಪ್ರೋಟೀನು ಮುರಿದು ಚೂರುಚೂರಾಗುತ್ತದೆ. ಆ ಚೂರುಗಳೇ ಅಮೈನೋ ಆಮ್ಲಗಳು. ಸೆರಿನ್, ಗ್ಲೈಸಿನ್, ಅರ್ಜಿನೈನ್. ಹೆಸರು ಕೇಳಿದರೆ ದೂರದ ಊರುಗಳ ರೈಲು ನಿಲ್ದಾಣಗಳ ಹಾಗಿವೆ. ಇಡಿಯಾಗಿದ್ದಾಗ ಹಿಡಿಯಲಾರದಷ್ಟು ನೀರನ್ನು ಚೂರಾದ ಮೇಲೆ ಒಂದೊಂದೂ ತಬ್ಬಿಕೊಂಡು ಕೂರುತ್ತವೆ. ಹೊರಗಿನ ಗಾಳಿ ಒಣಗಿದೆ ಅಂತ ಗೊತ್ತಾದಾಗಲೇ ಈ ಮುರಿಯುವ ಕೆಲಸ ಶುರುವಾಗುತ್ತದಂತೆ.

ನಿನ್ನಲ್ಲಿ ಆ ದೊಡ್ಡ ಪ್ರೋಟೀನೇ ಕಡಿಮೆ. ಮುರಿಯಲು ಏನೂ ಇಲ್ಲ, ಹಾಗಾಗಿ ನೀರು ಹಿಡಿಯಲೂ ಏನೂ ಇಲ್ಲ. ನಿನ್ನ ತಪ್ಪಲ್ಲ, ಸೋಪಿನ ತಪ್ಪಲ್ಲ, ಸರಿಯಾಗಿ ಉಜ್ಜಲಿಲ್ಲ ಅಂತ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದ ನನ್ನ ತಪ್ಪೂ ಅಲ್ಲ. ಆ ಚೂರುಗಳನ್ನು ಹೊರಗಿನಿಂದ ಕೊಟ್ಟರೆ ಒಂದಿಷ್ಟು ಒಳಗೆ ಇಳಿಯುತ್ತವೆ, ಒಂದಿಷ್ಟು ನೀರು ನಿಲ್ಲುತ್ತದೆ. ರೋಗ ವಾಸಿ ಮಾಡುವ ಮದ್ದಲ್ಲ ಇದು. ಪ್ರತಿದಿನ ಮತ್ತೆ ಹಚ್ಚಬೇಕು.

ಇನ್ನು ನಿನ್ನ ಪ್ರಶ್ನೆ. ನನಗೆ ಹನ್ನೆರಡು, ನಿನಗೆ ಆರು ವರ್ಷ ಇದ್ದಾಗ ಮೇಣದಬತ್ತಿ ಕರಗಿಸಿ ಅಡುಗೆ ಎಣ್ಣೆಗೆ ಸೇರಿಸಿ ನಿನ್ನ ಕಾಲಿಗೆ ಹಚ್ಚಿದ್ದೆ. ಆರುವುದಕ್ಕೂ ಬಿಟ್ಟಿರಲಿಲ್ಲ. ನೀನು ತುಟಿ ಕಚ್ಚಿಕೊಂಡು ‘ಉರಿಯಲ್ಲ ಅಕ್ಕ, ಚೆನ್ನಾಗಿದೆ’ ಅಂದೆ. ಮಾರನೆಯ ದಿನ ಅಮ್ಮ ಬೊಬ್ಬೆ ನೋಡಿ ನನ್ನ ಬೆನ್ನಿಗೆ ಬಾರಿಸಿದಳು. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಹನ್ನೆರಡು ವರ್ಷದ ಹಿಂದೆ ದೊಡ್ಡ ಕಂಪನಿಯಲ್ಲಿ ಪೊರೆ ಉದುರಿಸುವ ಆ ಕ್ರೀಮು ಮಾಡಿದಾಗಲೂ ನಿನ್ನ ಕೈಗೇ ಹಚ್ಚಿದೆ, ಆಮ್ಲ ಜಾಸ್ತಿಯಾಯಿತೇನೋ ಅನ್ನುವ ಅನುಮಾನ ಇದ್ದೂ. ನೀನು ‘ಉರಿಯಲ್ಲ’ ಅಂದೆ. ನಾನು ಅದನ್ನೇ ಬರೆದುಕೊಂಡೆ. ಆ ಕ್ರೀಮು ಅಂಗಡಿಗೆ ಹೋದ ಮೇಲೆ ಎಷ್ಟು ಜನರ ಮೈ ಸುಟ್ಟಿತು, ನನ್ನ ಕೆಲಸ ಹೇಗೆ ಹೋಯಿತು ಅನ್ನುವುದೆಲ್ಲ ನಿನಗೆ ಗೊತ್ತು. ಆ ವಾರ ನನಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಒಬ್ಬರು ಬೇಕಿತ್ತು. ನೀನು ಎದುರಿಗೇ ಕೂತು ಹೊಸ ಬಟ್ಟೆ ಮಡಚುತ್ತಿದ್ದೆ.

ನಾನು ಕೇಳುತ್ತಿರುವುದು ಇಷ್ಟೇ. ವಾರ್ಡಿನಲ್ಲಿರುವ ಮಕ್ಕಳಲ್ಲಿ ಕೆಲವರಿಗೆ ಇನ್ನೂ ಮಾತು ಬಂದಿಲ್ಲ. ಅವರ ಬದಲು ನೀನು ಹೇಳು. ನನಗೆ ಹೇಗನ್ನಿಸುತ್ತದೆ ಅಂತ ಯೋಚಿಸಬೇಡ.

ನಿನ್ನ ಮಗಳಿಗೆ ಸದ್ಯ ಹಚ್ಚಬೇಡ.

ಅಕ್ಕ


ಜುಲೈ 24

ಅಕ್ಕ,

ಹಾಳೆ ತುಂಬಿಸಿ ಇದರ ಜೊತೆ ಇಟ್ಟಿದ್ದೇನೆ. ಇಪ್ಪತ್ತೊಂದು ದಿನ, ಒಂದು ದಿನವೂ ತಪ್ಪಿಸಿಲ್ಲ.

ನೀಲಿ ಮುಚ್ಚಳದ್ದು ಚೆನ್ನಾಗಿದೆ. ಎಂಟನೆಯ ದಿನ ಎಡ ಮುಂಗೈ ಮೇಲೆ ಬೆಳಕು ಬಿದ್ದಾಗ ಅದು ಚೂರುಚೂರಾಗಿ ಒಡೆಯದೆ ಒಂದೇ ಪಟ್ಟಿಯಾಗಿ ಜಾರಿತು. ಮೊದಲು ಯಾರದೋ ಕೈ ಅನ್ನಿಸಿತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ತೋಳು ಮೇಲಕ್ಕೆ ಸರಿಸಿಕೊಂಡೇ ನಿಂತೆ. ಮೂವತ್ತೆಂಟು ವರ್ಷದಲ್ಲಿ ಅದೇ ಮೊದಲು ಅಂತ ಕಾಣುತ್ತದೆ.

ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಕೊಳ ಖಾಲಿ ಇರುತ್ತದೆ. ನೀರು ಅಲ್ಲಾಡುವುದು ನಿಲ್ಲುವವರೆಗೂ ಚಾವಣಿಯ ಮೇಲೆ ಬೆಳಕಿನ ಬಲೆಯೊಂದು ನೇಯುತ್ತಾ ಬಿಚ್ಚುತ್ತಾ ಇರುತ್ತದೆ. ನಾನು ಅಂಗಾತ ತೇಲುತ್ತಾ ಅದನ್ನೇ ನೋಡುತ್ತಿರುತ್ತೇನೆ. ಕಿವಿ ನೀರಿನೊಳಗೆ ಇರುವುದರಿಂದ ಪ್ರಪಂಚದ ಸದ್ದೆಲ್ಲ ಪಕ್ಕದ ಮನೆಯದು ಅನ್ನಿಸುತ್ತದೆ. ನಿನ್ನೆ ಹಾಗೆ ತೇಲುತ್ತಾ ನಿನ್ನ ಚೂರುಗಳ ಬಗ್ಗೆ ಯೋಚಿಸಿದೆ. ಒಂದೊಂದೂ ಒಂದೊಂದು ಹನಿಯನ್ನು ತಬ್ಬಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ಚೆನ್ನಾಗಿ ಬರೆದಿದ್ದೀಯ. ಚಿಕ್ಕಂದಿನಲ್ಲೂ ಹೀಗೇ ಕಥೆ ಕಟ್ಟಿ ನನ್ನನ್ನು ಮಲಗಿಸುತ್ತಿದ್ದೆ.

ಕೆಂಪು ಸೊನ್ನೆ. ತುರಿಕೆ ಸೊನ್ನೆ. ಬಿಗಿತ ಕಡಿಮೆಯಾಗಿದೆ. ಉರಿ ಎರಡೂ ಕೈಯಲ್ಲಿ ಸೊನ್ನೆ.

ಟ್ಯೂಬು ತುಂಬಿಸುವ ಕೆಲಸ ಸುಸೂತ್ರವಾಗಿ ಆಗಲಿ. ಈ ಸಲ ನಿನಗೆ ಒಳ್ಳೆಯದಾಗಬೇಕು.

ಮೀನು


ಜುಲೈ 30

ಮೀನು,

ನಿನ್ನ ಹಾಳೆ ನೋಡಿ ಯಜಮಾನಿ ಯಾವ ಡಬ್ಬಿಯಲ್ಲಿ ಏನಿದೆ ಅಂತ ಬರೆದು ಅಂಟಿಸಿಟ್ಟಿದ್ದ ಲಕೋಟೆ ತೆರೆದರು. ಅಮೈನೋ ಆಮ್ಲಗಳು ನೀಲಿಯಲ್ಲೇ ಇದ್ದವು. ಅವರು ನನ್ನ ಬೆನ್ನು ತಟ್ಟಿದರು, ಆಮೇಲೆ ಹಾಗೆ ತಟ್ಟಿದ್ದಕ್ಕೆ ತಾವೇ ನಾಚಿಕೊಂಡು ಗೋದಾಮಿಗೆ ಹೋಗಿಬಿಟ್ಟರು. ಆಗಸ್ಟ್ ಇಪ್ಪತ್ತಾರು ಅಂತ ದಿನ ಗೊತ್ತಾಗಿದೆ. ಖಾಲಿ ಟ್ಯೂಬುಗಳು ಬಂದಿವೆ. ಬಾಯಿ ಕೆಳಗಾಗಿ ಸಾಲಾಗಿ ನಿಂತಿವೆ, ಬೆಳಗಿನ ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ.

ನೀನು ಬಸ್ಸಿನಲ್ಲಿ ತೋಳು ಸರಿಸಿಕೊಂಡು ನಿಂತಿದ್ದನ್ನು ನಾಲ್ಕು ಸಲ ಓದಿದೆ.

ನಾನೂ ಒಂದು ವಿಷಯ ಹೇಳುತ್ತೇನೆ. ನೀನು ಈಜುವುದನ್ನು ನಾನು ನೋಡಿಯೇ ಇಲ್ಲ. ನಾವು ಜೊತೆಗಿದ್ದಾಗ ನಿನಗೆ ಈಜು ಬರುತ್ತಿರಲಿಲ್ಲ, ನನಗಂತೂ ಈಗಲೂ ಬರುವುದಿಲ್ಲ. ಆದರೂ ಮೊನ್ನೆ ಮಧ್ಯಾಹ್ನ ಪಾತ್ರೆ ಆರುವುದನ್ನು ಕಾಯುತ್ತಾ ಕೂತಾಗ ನಿದ್ದೆ ಹತ್ತಿ, ನೀನು ಬಿಳಿಯ ದ್ರವದೊಳಗೆ ಈಜುತ್ತಿದ್ದ ಹಾಗೆ ಕನಸು ಬಿತ್ತು. ಪಾತ್ರೆಯ ಅಂಚಿಗೆ ಬಂದು ಏನೋ ಹೇಳಿದೆ. ಕಲಕುವ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಬಗ್ಗಿ ಕೇಳುವಷ್ಟರಲ್ಲಿ ಎಚ್ಚರವಾಯಿತು.

ಹಾಳೆಯಲ್ಲಿ ಇಪ್ಪತ್ತೊಂದು ದಿನದ ಸೊನ್ನೆಗಳೂ ಒಂದೇ ಶಾಯಿಯಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಸಲಕ್ಕೆ ಕೂತು ಹಾಕಿದ ಹಾಗಿವೆ. ಇದರ ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಬೇಡ.

ಅಕ್ಕ


ಆಗಸ್ಟ್ 12

ಅಕ್ಕ,

ಬೆಳಕಿಗೆ ಹಿಡಿದು ಓದಿದೆ. ‘ನಿಜವಾಗಿಯೂ ಉರಿಯಲಿಲ್ಲವಾ’ ಅಂತ ಇತ್ತು. ಓದಿ, ಮಡಚಿ, ಹತ್ತು ದಿನ ಕಪಾಟಿನಲ್ಲಿ ಇಟ್ಟಿದ್ದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಬಟ್ಟೆ ಒಣಗಿಸಿ ಒಳಗೆ ಬಂದೆ. ಮಗಳು ಕನ್ನಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ನೀಲಿ ಮುಚ್ಚಳ ತೊಡೆ ಮೇಲಿತ್ತು. ಎರಡೂ ಮೊಣಕಾಲಿಗೆ, ಮೊಣಕೈಗೆ, ಕತ್ತಿಗೆ ದಪ್ಪಗೆ ಹಚ್ಚಿಕೊಂಡಿದ್ದಳು. ನಾನು ಬಸ್ಸಿನಲ್ಲಿ ತೋಳು ಸರಿಸಿಕೊಂಡು ನಿಂತಿದ್ದಾಗ ಅವಳು ಪಕ್ಕದಲ್ಲೇ ಇದ್ದಳು ಅಂತ ನಿನಗೆ ಬರೆದಿರಲಿಲ್ಲ. ಎಲ್ಲ ನೋಡಿಕೊಂಡಿದ್ದಾಳೆ. ಸೋಮವಾರದೊಳಗೆ ಹಲ್ಲಿ ಹೋಗಿ ಬೇರೆ ಏನಾದರೂ ಆಗಬೇಕು ಅಂದುಕೊಂಡಿದ್ದಳಂತೆ.

ನನ್ನನ್ನು ಕಂಡ ಕೂಡಲೇ ನಕ್ಕಳು. ಕಾಲಿನ ಬೆರಳುಗಳು ಕುರ್ಚಿಯ ಅಡ್ಡಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಕಣ್ಣಲ್ಲಿ ನೀರು ತುಂಬಿ ನಿಂತಿತ್ತು.

‘ಉರೀತಿದೆಯಾ?’ ಅಂದೆ.

‘ಉರಿಯಲ್ಲ ಅಮ್ಮ. ಚೆನ್ನಾಗಿದೆ.’

ಈ ಮಾತನ್ನು ನಾನು ಅವಳಿಗೆ ಕಲಿಸಿಲ್ಲ. ಆದರೆ ಅದೇ ಮಾತು, ಅದೇ ಧಾಟಿ, ಕೊನೆಯಲ್ಲಿ ಅದೇ ನಗು. ಅವಳನ್ನು ಎತ್ತಿಕೊಂಡು ಹೋಗಿ ತಣ್ಣೀರಿನ ಕೆಳಗೆ ನಿಲ್ಲಿಸಿ ತೊಳೆದೆ. ಮೊಣಕಾಲಿನ ಬಿರುಕುಗಳ ಉದ್ದಕ್ಕೂ ಕೆಂಪು ಗೆರೆ ಎದ್ದಿತ್ತು. ಸಂಜೆಗೆ ಇಳಿಯಿತು, ಗಾಬರಿಯಾಗಬೇಡ. ತೊಳೆಯುತ್ತಿದ್ದಾಗ ಅವಳೇ ಸಮಾಧಾನ ಮಾಡಿದಳು. ‘ಉರಿಯುತ್ತೆ ಅಂದ್ರೆ ನಿಮ್ಮಕ್ಕ ಮತ್ತೆ ಕಾಗದ ಬರೆಯಲ್ಲ ಅಲ್ವಾ’ ಅಂದಳು.

ಎಂಟು ವರ್ಷದವಳಿಗೆ ಗೊತ್ತಾದದ್ದು ನನಗೆ ಮೂವತ್ತೆಂಟಕ್ಕೆ ಗೊತ್ತಾಗಿರಲಿಲ್ಲ.

ಅಕ್ಕ, ಉರಿಯಿತು. ನೀಲಿ ಮುಚ್ಚಳದ್ದು. ಮೊದಲ ದಿನದಿಂದಲೇ. ನಯವಾದ ಜಾಗದಲ್ಲಿ ಏನೂ ಇಲ್ಲ, ಬಿರುಕು ಇರುವ ಕಡೆಯೆಲ್ಲ ಉರಿ. ಹಚ್ಚಿದ ಕೂಡಲೇ ಶುರುವಾಗಿ ಕಾಲು ಗಂಟೆ ಇರುತ್ತದೆ. ಎರಡು ಅಂಕ. ಈಜುಕೊಳದಲ್ಲಿ ಇಡೀ ದಿನ ಕಳೆದು ಬಂದ ಮೇಲೆ ಹಚ್ಚಿದರೆ ಮೂರು. ಕೈ ನಯವಾದದ್ದು ಸುಳ್ಳಲ್ಲ. ಬಿಳಿಯದು ಉರಿಯಲಿಲ್ಲ, ಅದು ಏನನ್ನೂ ಮಾಡಲಿಲ್ಲ. ಹಾಳೆಯನ್ನು ಕೊನೆಯ ದಿನ ಕೂತು ಒಂದೇ ಸಲಕ್ಕೆ ತುಂಬಿಸಿದೆ, ಅದೂ ನಿಜ.

ಇಪ್ಪತ್ತಾರನೆಯ ತಾರೀಕಿಗೆ ಇನ್ನು ಎರಡೇ ವಾರ. ನಾನು ಏನು ಮಾಡಿದ್ದೇನೆ ಅಂತ ನನಗೆ ಗೊತ್ತಿದೆ. ಇದನ್ನು ಅಂಚೆಗೆ ಹಾಕಲು ನಮ್ಮನೆಯವರು ಅಂಗಡಿ ಮುಚ್ಚಿ ಹೋಗುತ್ತಿದ್ದಾರೆ.

ಮೀನು


ಆಗಸ್ಟ್ 18

ಮೀನು,

ನಿಮ್ಮನೆಯವರು ಹಾಕಿದ ಕಾಗದ ಮೂರು ದಿನದಲ್ಲಿ ಬಂತು. ನಿಂತುಕೊಂಡೇ ಓದಿದೆ. ಓದಿ ಮುಗಿಸಿದವಳೇ ನೇರ ಗೋದಾಮಿಗೆ ಹೋಗಿ ಯಜಮಾನಿಯ ಕೈಗೆ ಕೊಟ್ಟೆ. ಹೇಳಲು ಹೋದರೆ ನಾನು ಅದನ್ನು ಮೃದು ಮಾಡಿ ಹೇಳುತ್ತಿದ್ದೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಇಪ್ಪತ್ತು ಜನರಿಗೆ ಉರಿಯಲಿಲ್ಲ, ಒಬ್ಬಳಿಗೆ ಉರಿಯಿತು ಅಂತ ನಿಲ್ಲಿಸಬೇಕಾ ಅಂತ ಕೇಳಿದರು. ಆ ಇಪ್ಪತ್ತು ಜನ ವಾರ್ಡಿನಲ್ಲಿ ಮಲಗಿಲ್ಲ ಅಂದೆ. ನೀನೇ ಹೋಗಿ ಆಸ್ಪತ್ರೆಗೆ ಹೇಳು, ನನ್ನ ಹೆಸರು ಹೇಳಿಕೊಂಡು ಹೋಗು, ಆದರೆ ನಿನ್ನ ಮುಖ ತೋರಿಸು ಅಂದರು. ಸಿಟ್ಟಿತ್ತು. ಇಪ್ಪತ್ತಾರನೆಯ ತಾರೀಕು ಕೈಬಿಟ್ಟುಹೋಯಿತು, ಹೊಸ ದಿನ ಆಸ್ಪತ್ರೆಯವರು ಕೊಡುತ್ತಾರೋ ಇಲ್ಲವೋ, ನನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ ಇದನ್ನು ಬರೆಯುವಾಗ ಗೊತ್ತಿಲ್ಲ. ಮಾಡಿಟ್ಟಿದ್ದ ಕ್ರೀಮನ್ನೆಲ್ಲ ಒಂದು ಪೀಪಾಯಿಗೆ ಸುರಿದೆವು. ಯಜಮಾನಿ ಅದರ ಮೇಲೆ ಬಗ್ಗಿ ಮೂಸಿದರು. ‘ವಾಸನೆ ಚೆನ್ನಾಗೇ ಇತ್ತಲ್ಲ’ ಅಂದರು.

ಎರಡು ದಿನ ಹುಡುಕಿದೆ. ತಪ್ಪು ನನ್ನದೇ, ಹೀಗಾಗಿದೆ ನೋಡು. ಚರ್ಮದ ಮೇಲ್ಭಾಗ ಸಹಜವಾಗಿ ಸ್ವಲ್ಪ ಹುಳಿಯ ಕಡೆಗಿರುತ್ತದೆ. ಅರ್ಜಿನೈನ್ ಅನ್ನುವ ಚೂರು ಕ್ಷಾರ, ಸೋಪಿನ ಕಡೆಯದು. ಅದನ್ನು ಸೇರಿಸಿದರೆ ಇಡೀ ಕ್ರೀಮು ಆ ಕಡೆ ವಾಲುತ್ತದೆ. ಅದನ್ನು ಮತ್ತೆ ಈ ಕಡೆ ತರಲು ಅಳೆದು ಒಂದಿಷ್ಟು ಆಮ್ಲ ಹಾಕಬೇಕು. ಈ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ನಾನು ಆಮ್ಲದ ಬಾಟಲಿ ಕೈಗೆ ತೆಗೆದುಕೊಂಡೆ. ಹನ್ನೆರಡು ವರ್ಷದ ಹಿಂದಿನದು ನೆನಪಾಯಿತು. ನಾಲ್ಕು ಹನಿ ಹಾಕಿ ಕೆಳಗಿಟ್ಟೆ. ಅಳತೆಯ ಯಂತ್ರ ಸಾಲದು ಅಂತ ತೋರಿಸುತ್ತಲೇ ಇತ್ತು. ‘ಪರವಾಗಿಲ್ಲ, ಮೃದುವಾಗಿರಲಿ’ ಅಂತ ನನ್ನ ಕೈಬರಹದಲ್ಲೇ ಪಕ್ಕದಲ್ಲಿ ಬರೆದುಕೊಂಡಿದ್ದೇನೆ. ಸುಡಬಾರದು ಅನ್ನುವ ಹೆದರಿಕೆಯಿಂದಲೇ ಸುಡುವ ಕ್ರೀಮು ಮಾಡಿದ್ದೇನೆ, ಮೀನು.

ಸರಿಪಡಿಸಿದ್ದನ್ನು ಕಳಿಸುತ್ತಿದ್ದೇನೆ. ಒಂದೇ ಡಬ್ಬಿ, ಬಣ್ಣದ ಮುಚ್ಚಳ ಇಲ್ಲ. ಕಳಿಸುವ ಮೊದಲು ನಾನೇ ನನ್ನ ಹಿಮ್ಮಡಿಯ ಬಿರುಕಿಗೆ ಹಚ್ಚಿಕೊಂಡು ನೋಡಿದೆ. ಅದು ಯಾವ ಲೆಕ್ಕಕ್ಕೂ ಇಲ್ಲ, ಗೊತ್ತು.

ಇನ್ನು ಆ ಮಾತು. ನಿನ್ನ ನಾಲಿಗೆಗೆ ಪೊರೆ ಬಂದಿರಲಿಲ್ಲ. ನೀನು ಏನು ಹೇಳಿದರೆ ನನಗೆ ಖುಷಿಯಾಗುತ್ತದೆ ಅಂತ ನನ್ನ ಮುಖ ನೋಡಿಯೇ ನಿನಗೆ ಗೊತ್ತಾಗುತ್ತಿತ್ತು. ಆ ಮುಖ ಇಟ್ಟುಕೊಂಡು ನಿನ್ನ ಎದುರಿಗೆ ಕೂತು ‘ಉರಿಯುತ್ತಾ’ ಅಂತ ಕೇಳುತ್ತಿದ್ದವಳು ನಾನು. ಅಮ್ಮನ ಎದುರಿಗೆ ಅಂದಿದ್ದೆ, ಈಗ ತಪ್ಪಾಯಿತು ಅನ್ನಲು ಅವಳಿಲ್ಲ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ತಪ್ಪಾಯಿತು.

ನಿನ್ನ ಮಗಳಿಗೆ ಹೇಳು, ಉರಿಯುತ್ತೆ ಅಂದರೆ ಅವಳ ದೊಡ್ಡಮ್ಮ ಇನ್ನೂ ಜಾಸ್ತಿ ಕಾಗದ ಬರೆಯುತ್ತಾಳೆ ಅಂತ.

ಅಕ್ಕ


ಸೆಪ್ಟೆಂಬರ್ 29

ಅಕ್ಕ,

ಆಸ್ಪತ್ರೆಯವರು ಹೊಸ ದಿನ ಕೊಟ್ಟರು ಅನ್ನುವ ನಿನ್ನ ಚಿಕ್ಕ ಕಾರ್ಡು ಬಂತು. ಯಜಮಾನಿ ಇನ್ನೂ ನಿನ್ನ ಹತ್ತಿರ ಮುಖ ಕೊಟ್ಟು ಮಾತಾಡುತ್ತಿಲ್ಲ ಅಂತ ಬರೆದಿದ್ದೀಯ. ಮೂಸಿ ನೋಡುವವರು ಅಲ್ಲವಾ, ತಡವಾಗುತ್ತದೆ.

ಈ ಸಲದ ಹಾಳೆಯನ್ನು ದಿನಾ ಹಚ್ಚಿದ ಕೂಡಲೇ ತುಂಬಿಸಿದ್ದೇನೆ. ಎಣ್ಣೆ ಕೈಯಲ್ಲಿ ಬರೆದದ್ದರಿಂದ ಕಲೆಯಾಗಿದೆ, ಕ್ಷಮಿಸು ಅನ್ನುವುದಿಲ್ಲ. ಕೇಳಿಕೋ. ಮೊದಲ ಎರಡು ದಿನ ಬೆರಳ ಸಂದಿಯಲ್ಲಿ ಚುರುಗುಟ್ಟಿತು, ಹತ್ತು ಎಣಿಸುವಷ್ಟರಲ್ಲಿ ಹೋಯಿತು. ಮೂರನೆಯ ದಿನದಿಂದ ಇಲ್ಲ. ಮೊಣಕೈ ಮಡಿಕೆಯಲ್ಲಿ ತುರಿಕೆ, ಒಂದು ಅಂಕ. ಜಿಗುಟು ಜಾಸ್ತಿ, ಬಸ್ಸಿನ ಟಿಕೆಟು ಕೈಗೆ ಅಂಟಿಕೊಳ್ಳುತ್ತದೆ. ವಾಸನೆ ನೆಂದ ರಟ್ಟಿನ ಹಾಗಿದೆ, ಇದನ್ನು ಯಜಮಾನಿಗೆ ನೀನೇ ಹೇಳು, ನನ್ನ ಹೆಸರು ಹೇಳು. ಡಬ್ಬಿಯ ತಿರುಪು ಸರಿಯಿಲ್ಲ, ಜಿಡ್ಡು ಕೈಯಲ್ಲಿ ತೆರೆಯಲು ಬರುವುದಿಲ್ಲ, ನಮ್ಮನೆಯವರು ಗಡಿಯಾರದ ಇಕ್ಕಳ ತಂದು ತೆರೆದುಕೊಟ್ಟರು. ಹತ್ತನೆಯ ದಿನ ಚರ್ಮ ಮೊದಲಿನ ನೀಲಿಯಷ್ಟೇ ಮೆತ್ತಗಾಯಿತು. ಹದಿನೈದಕ್ಕೆ ಅದಕ್ಕಿಂತ ಮೆತ್ತಗೆ. ಮಗಳಿಗೆ ಹಚ್ಚಬಹುದು ಅಂತ ನೀನು ಕಾರ್ಡಿನಲ್ಲಿ ಬರೆದ ಮೇಲೆಯೇ ಹಚ್ಚಿದೆ, ಒಂದು ಮೊಣಕಾಲಿಗೆ ಮಾತ್ರ. ‘ಚುರುಚುರು ಅನ್ನುತ್ತೆ, ಈಗ ನಿಂತ್ಹೋಯ್ತು’ ಅಂದಳು. ನಾನು ಬರೆದುಕೊಂಡೆ. ಬರೆದುಕೊಂಡೆನಾ ಅಂತ ಎರಡು ಸಲ ನೋಡಿದಳು.

ಹಾಳೆಯಲ್ಲಿ ಇನ್ನೊಂದಕ್ಕೆ ಜಾಗ ಇರಲಿಲ್ಲ, ಇಲ್ಲಿ ಬರೆಯುತ್ತೇನೆ. ನೀನು ಆ ಮಾತು ಅಂದಾಗ ಉರಿಯಿತು. ಅದಕ್ಕಿಂತ ಮದುವೆಯ ದಿನ ಕೊನೆಯ ಸಾಲಿನಲ್ಲಿ ಕೂತು ಊಟ ಮಾಡದೆ ಎದ್ದು ಹೋದೆಯಲ್ಲ, ಅದು ಉರಿಯಿತು. ಮಗಳು ಹುಟ್ಟಿದಾಗ ಅವಳ ಕಾಲು ಮುಟ್ಟಿ ನೋಡಿ, ಒರಟಾಗಿದೆ ಅಂತ ಗೊತ್ತಾಗಿ, ಹೇಳಿಕೊಳ್ಳಲು ನೀನು ಇಲ್ಲದ್ದು ಎಲ್ಲಕ್ಕಿಂತ ಜಾಸ್ತಿ. ತಪ್ಪಾಯಿತು ಅಂತ ನೀನು ಬರೆದದ್ದನ್ನು ಓದಿದ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಕಡಿಮೆಯಾಗಿದೆ, ಹೋಗಿಲ್ಲ. ನಾನೀಗ ಹೋಯಿತು ಅಂತ ಬರೆದರೆ ನಿನಗೆ ಖುಷಿಯಾಗುತ್ತದೆ ಅಂತ ಗೊತ್ತು.

ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೀಯ. ಶನಿವಾರ ಬಾ. ಮನೆಗೆ ಬೇಡ, ಮೊದಲು ಈಜುಕೊಳಕ್ಕೆ ಬಾ. ಮನೆಯಲ್ಲಿ ಎದುರುಬದುರು ಕೂತರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳ್ಳೆ ಒಳ್ಳೆಯದನ್ನೇ ಮಾತಾಡುತ್ತೇವೆ. ಮುಂದಿನ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ. ಹಿಂದೆ ಪಂಪಿನ ಕೋಣೆಯ ಪಕ್ಕದಲ್ಲಿ ಹಸಿರು ಬಾಗಿಲಿದೆ, ಜೋರಾಗಿ ದೂಡು.

ನಿನಗೆ ಈಜು ಬರುವುದಿಲ್ಲ ಅಂತ ಮಗಳಿಗೆ ಹೇಳಿದೆ. ಅವಳೇ ಕಲಿಸುತ್ತಾಳಂತೆ. ನನ್ನ ತಂಡದ ಮಕ್ಕಳಿಗೆ ನಾನು ಹೇಗೆ ಕೇಳುತ್ತೇನೋ ಹಾಗೇ ನಿನ್ನನ್ನು ಕೊಳದ ಅಂಚಿನಲ್ಲಿ ಕೂರಿಸಿ, ಕಾಲು ನೀರಿಗೆ ಇಳಿಬಿಡಿಸಿ, ‘ಭಯ ಆಗ್ತಿದೆಯಾ’ ಅಂತ ಕೇಳುತ್ತಾಳೆ. ಇಲ್ಲ ಅನ್ನಬೇಡ ಅಕ್ಕ. ಆಗುತ್ತೆ ಅನ್ನು. ಆಗುತ್ತೆ ಅಂದವರ ಕೈಯನ್ನು ಅವಳು ಬಿಡುವುದಿಲ್ಲ.

ಮೀನು